ಸ್ಟೈಪೆಂಡ್ ಬರುವ ತಾರೀಖು ಯಾರ ಕೈಯಲ್ಲಿದೆ?

2020ರ ಮಳೆಗಾಲದ ಆರಂಭದಲ್ಲಿ, ಕೋವಿಡ್ ಭಯಕ್ಕೆ ಊರೆಲ್ಲ ಬಾಗಿಲು ಹಾಕಿಕೊಂಡಿದ್ದಾಗ, ದಾವಣಗೆರೆಯಲ್ಲಿ ಯುವ ವೈದ್ಯರು ಧರಣಿ ಕೂತಿದ್ದರು. ಖಾಸಗಿ ವೈದ್ಯಕೀಯ ಕಾಲೇಜೊಂದರಲ್ಲಿ ಸರ್ಕಾರಿ ಕೋಟಾದಡಿ ಸೀಟು ಪಡೆದ ಪಿ.ಜಿ. ವಿದ್ಯಾರ್ಥಿಗಳು ಮತ್ತು ಹೌಸ್ ಸರ್ಜನ್‌ಗಳು ಅವರು. ಡ್ಯೂಟಿ ಮಾಡುತ್ತಿದ್ದದ್ದು ಸರ್ಕಾರದ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ. ವರ್ಷ ಮೀರಿದರೂ ಅವರಿಗೆ ಸ್ಟೈಪೆಂಡ್ ಬಂದಿರಲಿಲ್ಲ. ಕೇಳಿದರೆ ಕಾಲೇಜು ಸರ್ಕಾರದ ಕಡೆ ಕೈ ತೋರಿಸುತ್ತಿತ್ತು, ಸರ್ಕಾರ ಕಾಲೇಜಿನ ಕಡೆ ತೋರಿಸುತ್ತಿತ್ತು.

ಆ ಜಗಳದ ತಿರುಳು ಮೊತ್ತ ಆಗಿರಲಿಲ್ಲ. ಕೊಡಬೇಕಾದವರು ಯಾರು, ಯಾವ ತಾರೀಖಿಗೆ ಕೊಡಬೇಕು, ಕೊಡದಿದ್ದರೆ ಯಾರ ಮುಂದೆ ಹೋಗಿ ನಿಲ್ಲಬೇಕು ಎಂಬ ಮೂರು ಪ್ರಶ್ನೆಗೆ ವೈದ್ಯರ ಕೈಯಲ್ಲಿ ಬರಹದ ಉತ್ತರ ಇರಲಿಲ್ಲ. ಅವರೂ ಸಹಿ ಹಾಕಿದ ಕಾಗದ ಎಂಬುದೇ ಇರಲಿಲ್ಲ. ಓದುತ್ತಲೇ ದುಡಿಯುವವರ ಎಲ್ಲ ಹೋರಾಟಗಳ ಒಳಗೂ ಇರುವುದು ಇದೇ ಕೊರತೆ ಎಂದು ನಾನು ತಿಳಿದಿದ್ದೇನೆ. ತೋಳಹುಣಸೆಯ ಶಿವಗಂಗೋತ್ರಿಯಲ್ಲಿ, ಅಂದರೆ ದಾವಣಗೆರೆ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ, ಪಿಎಚ್.ಡಿ. ಮಾಡುವವರಿಗೂ, ನಮ್ಮ ಊರಿನ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿ ಅಮೆರಿಕಕ್ಕೆ ಹೋಗಿ ಅಲ್ಲಿ ಟಿ.ಎ. (ಬೋಧನಾ ಸಹಾಯಕ), ಆರ್.ಎ. (ಸಂಶೋಧನಾ ಸಹಾಯಕ) ಆಗಿ ದುಡಿಯುತ್ತಿರುವವರಿಗೂ ಇದು ಸಮಾನವಾದ ಪ್ರಶ್ನೆ. ವ್ಯತ್ಯಾಸ ಇಷ್ಟೇ: ಅಲ್ಲಿ ಅರ್ಧ ಶತಮಾನದಿಂದ ಇದಕ್ಕೆ ಯೂನಿಯನ್ ಒಪ್ಪಂದ ಎಂಬ ಉತ್ತರ ರೂಪುಗೊಳ್ಳುತ್ತಾ ಬಂದಿದೆ. ಇಲ್ಲಿ ಇನ್ನೂ ಮನವಿ ಪತ್ರದ ಹಂತದಲ್ಲೇ ಇದ್ದೇವೆ.

ಅಮೆರಿಕದ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮಗನನ್ನೋ ಮಗಳನ್ನೋ ಅಲ್ಲಿಗೆ ಕಳಿಸಿದ ಮನೆಗಳಲ್ಲಿ ಅದು ಅರ್ಧಂಬರ್ಧ ತಲುಪುತ್ತದೆ. ಅಲ್ಲಿ ಪಿಎಚ್.ಡಿ. ವಿದ್ಯಾರ್ಥಿ ಪ್ರೊಫೆಸರ ಕ್ಲಾಸಿನ ಜೊತೆಗೆ ಟ್ಯುಟೋರಿಯಲ್ ನಡೆಸುತ್ತಾನೆ, ಲ್ಯಾಬ್ ನೋಡಿಕೊಳ್ಳುತ್ತಾನೆ, ನೂರಾರು ಉತ್ತರ ಪತ್ರಿಕೆ ತಿದ್ದುತ್ತಾನೆ. ಅದಕ್ಕೆ ಪ್ರತಿಯಾಗಿ ಶುಲ್ಕ ಮಾಫಿ, ತಿಂಗಳ ಸಂಬಳ, ಆರೋಗ್ಯ ವಿಮೆ. ವಿದೇಶಿ ವಿದ್ಯಾರ್ಥಿಯ ವೀಸಾ ನಿಯಮದಂತೆ ತರಗತಿ ನಡೆಯುವ ಅವಧಿಯಲ್ಲಿ ಕ್ಯಾಂಪಸ್ಸಿನ ಕೆಲಸ ವಾರಕ್ಕೆ 20 ಗಂಟೆ ಮೀರುವಂತಿಲ್ಲ. ಹಾಗಾಗಿ ಆ 20 ಗಂಟೆಯ ಕೂಲಿಯಲ್ಲೇ ಬಾಡಿಗೆ, ಊಟ, ಊರಿಗೆ ಬರುವ ಟಿಕೆಟ್ ಎಲ್ಲ ಹೊಂದಿಸಬೇಕು. ಸಾಲ ಮಾಡಿ ಎಂ.ಎಸ್.ಗೆ ಹೋಗುವ ಹೆಚ್ಚಿನವರಿಗೆ ಈ ಭಾಗ್ಯವೂ ಇಲ್ಲ ಎಂಬುದನ್ನು ಪೋಷಕರು ಮೊದಲೇ ತಿಳಿದಿರುವುದು ಒಳ್ಳೆಯದು.

ಈ ವಿದ್ಯಾರ್ಥಿ ಕಾರ್ಮಿಕರ ಮೊದಲ ದೊಡ್ಡ ಸಂಘ ಹುಟ್ಟಿದ್ದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮ್ಯಾಡಿಸನ್ ಕ್ಯಾಂಪಸ್ಸಿನಲ್ಲಿ, 1966ರಲ್ಲಿ. 1970ರಲ್ಲಿ ಮುಷ್ಕರ ಹೂಡಿ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರು. ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಆಯಾ ರಾಜ್ಯದ ಕಾನೂನು, ಖಾಸಗಿಯವಕ್ಕೆ ಕೇಂದ್ರದ ಕಾನೂನು ಅನ್ವಯಿಸುತ್ತದೆ. ಖಾಸಗಿ ವಿಶ್ವವಿದ್ಯಾಲಯಗಳ ವಿಷಯದಲ್ಲಿ ಅಲ್ಲಿನ ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿ ಮೂರು ಬಾರಿ ಮಾತು ಬದಲಿಸಿದೆ. 2000ದಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಇವರೂ ನೌಕರರೇ ಎಂದಿತು. 2004ರಲ್ಲಿ ಬ್ರೌನ್ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಇವರು ಪ್ರಧಾನವಾಗಿ ವಿದ್ಯಾರ್ಥಿಗಳು, ನೌಕರರಲ್ಲ ಎಂದಿತು. 2016ರ ಆಗಸ್ಟ್‌ನಲ್ಲಿ ಕೊಲಂಬಿಯಾ ಪ್ರಕರಣದಲ್ಲಿ ಒಬ್ಬನೇ ಮನುಷ್ಯ ವಿದ್ಯಾರ್ಥಿಯೂ ನೌಕರನೂ ಆಗಿರಬಹುದು, ಒಂದು ಇನ್ನೊಂದನ್ನು ಅಳಿಸುವುದಿಲ್ಲ ಎಂದಿತು. ಈ ಕೊನೆಯ ಮಾತು ಸರಳವಾದದ್ದು. ಅದನ್ನು ಹೇಳಿಸಲು ಹೋರಾಟಗಾರರ ಒಂದಿಡೀ ತಲೆಮಾರು ಕಾಯಬೇಕಾಯಿತು.

ಆಮೇಲೆ ಬಂದದ್ದು ಮುಷ್ಕರಗಳ ಸಾಲು. ಕೊಲಂಬಿಯಾದಲ್ಲಿ 2021ರ ನವೆಂಬರ್‌ನಿಂದ 2022ರ ಜನವರಿವರೆಗೆ, ಹತ್ತು ವಾರ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 2022ರ ನವೆಂಬರ್ 14ರಂದು ಸುಮಾರು 48,000 ಮಂದಿ ಏಕಕಾಲಕ್ಕೆ ಕೆಲಸ ನಿಲ್ಲಿಸಿದರು. ಅದು ಅವಧಿ ಕೊನೆಯ ಪರೀಕ್ಷೆಗಳು ಹತ್ತಿರವಾಗಿದ್ದ ಹೊತ್ತು. ತಿದ್ದುವವರಿಲ್ಲದೆ ಉತ್ತರ ಪತ್ರಿಕೆಗಳು ಬಿದ್ದಿದ್ದಾಗಲೇ ಈ ಸಂಸ್ಥೆ ಯಾರ ಹೆಗಲ ಮೇಲೆ ನಿಂತಿದೆ ಎಂಬುದು ಆಡಳಿತಕ್ಕೂ ಪೋಷಕರಿಗೂ ಕಂಡದ್ದು. ಬೇಡಿಕೆ ವರ್ಷಕ್ಕೆ 54,000 ಡಾಲರ್ ಇತ್ತು. ಸಿಕ್ಕಿದ್ದು, 23,000 ಡಾಲರ್ ಆಸುಪಾಸಿನಲ್ಲಿದ್ದ ಟಿ.ಎ.ಗಳ ಕನಿಷ್ಠ ಸಂಬಳವನ್ನು 2024ರ ಅಕ್ಟೋಬರ್ ಹೊತ್ತಿಗೆ ಹೆಚ್ಚಿನ ಕ್ಯಾಂಪಸ್‌ಗಳಲ್ಲಿ ಸುಮಾರು 34,000ಕ್ಕೆ ಏರಿಸುವ ಒಪ್ಪಂದ. ಕೇಳಿದ್ದು ಪೂರ್ತಿ ಸಿಗಲಿಲ್ಲ ಎಂದು ಸಂಘದೊಳಗೇ ಬಹಳ ಮಂದಿ ಮುನಿಸಿಕೊಂಡರು, ವಿರುದ್ಧ ಮತ ಹಾಕಿದರು. ಒಪ್ಪಂದ ಮತಕ್ಕೆ ಹೋಗಿತ್ತು ಎಂಬುದನ್ನು ಮಾತ್ರ ಇಲ್ಲಿ ಗಮನಿಸಬೇಕು. ಸಂಬಳ ಎಷ್ಟು ಎಂಬುದಕ್ಕೆ ಸಂಬಳ ಪಡೆಯುವವನು ಹೌದು ಅಥವಾ ಬೇಡ ಎನ್ನುವ ಅವಕಾಶ ನಮ್ಮಲ್ಲಿ ಯಾವ ಸಂಶೋಧನಾರ್ಥಿಗೂ ಸಿಕ್ಕಿಲ್ಲ.

ಮುಷ್ಕರದ ಬೆಲೆಯೂ ಕಡಿಮೆಯದಲ್ಲ. ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯ 2023ರಲ್ಲಿ ಮುಷ್ಕರ ನಿರತರ ಶುಲ್ಕ ಮಾಫಿಯನ್ನು ಕಿತ್ತುಕೊಂಡಿತು, ಆರೋಗ್ಯ ವಿಮೆ ನಿಲ್ಲಿಸಿತು. ಸಾವಿರಾರು ಡಾಲರ್ ಶುಲ್ಕದ ಬಿಲ್ ಕೈಗೆ ಬಂದಾಗ ಏನಾಗುತ್ತದೆ ಎಂಬುದು ಬ್ಯಾಂಕ್ ಸಾಲದಲ್ಲಿ ಮಕ್ಕಳನ್ನು ಕಳಿಸಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಆದರೂ ಅವರು ಮಾರ್ಚ್‌ವರೆಗೆ ಎಳೆದು ಒಪ್ಪಂದ ಪಡೆದರು. ಬೋಸ್ಟನ್ ವಿಶ್ವವಿದ್ಯಾಲಯದಲ್ಲಿ 2024ರಲ್ಲಿ ಸುಮಾರು ಏಳು ತಿಂಗಳು ಮುಷ್ಕರ ನಡೆದು ಪಿಎಚ್.ಡಿ. ವಿದ್ಯಾರ್ಥಿಗಳ ಕನಿಷ್ಠ ಸ್ಟೈಪೆಂಡ್ 45,000 ಡಾಲರ್‌ಗೆ ಏರಿತು. ತಿಂಗಳೊಪ್ಪತ್ತಿನಲ್ಲೇ ಆ ವಿಶ್ವವಿದ್ಯಾಲಯ ಮಾನವಿಕ ಮತ್ತು ಸಮಾಜ ವಿಜ್ಞಾನದ ಹನ್ನೆರಡು ವಿಭಾಗಗಳಲ್ಲಿ ಮುಂದಿನ ವರ್ಷದ ಪಿಎಚ್.ಡಿ. ಪ್ರವೇಶವನ್ನೇ ತಡೆಹಿಡಿಯಿತು. ಯೂನಿಯನ್ ಬಂದರೆ ಸೀಟು ಕಡಿಮೆಯಾಗುತ್ತದೆ ಎಂಬ ವಾದಕ್ಕೆ ಇದು ಆಧಾರ. ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಅರೆಹೊಟ್ಟೆಯ ಹತ್ತು ಸೀಟು ಮೇಲೋ, ಬದುಕಲು ಸಾಲುವ ಆರು ಸೀಟು ಮೇಲೋ ಎಂಬ ಪ್ರಶ್ನೆಯನ್ನು ಆಡಳಿತ ಒಂದೇ ತೀರ್ಮಾನಿಸಬಾರದು ಎಂಬುದೇ ಯೂನಿಯನ್ನಿನ ಇಡೀ ವಾದ.

ಸಂಬಳದ ಅಂಕಿ ಪತ್ರಿಕೆಗಳ ತಲೆಬರಹಕ್ಕೆ ಸಿಗುತ್ತದೆ. ಒಪ್ಪಂದದ ಒಳಪುಟಗಳಲ್ಲಿರುವುದು ಬೇರೆ: ವಾರಕ್ಕೆ ಎಷ್ಟು ಗಂಟೆಯ ಕೆಲಸ, ಅದು ಮೀರಿದರೆ ಯಾರಿಗೆ ತಿಳಿಸಬೇಕು, ನೇಮಕದ ಪತ್ರ ಸೆಮಿಸ್ಟರಿಗೆ ಎಷ್ಟು ದಿನ ಮೊದಲು ಬರಬೇಕು, ಹೆರಿಗೆ ರಜೆ, ಮಗುವಿನ ಪಾಲನೆಯ ನೆರವು. ಎಲ್ಲಕ್ಕಿಂತ ಮುಖ್ಯವಾದದ್ದು, ಕಿರುಕುಳದ ದೂರನ್ನು ವಿಶ್ವವಿದ್ಯಾಲಯದವರಲ್ಲದ ತಟಸ್ಥ ಮಧ್ಯಸ್ಥರ ಮುಂದೆ ಒಯ್ಯುವ ಹಕ್ಕು. ಕೊಲಂಬಿಯಾದವರು ಹತ್ತು ವಾರ ಹಟ ಹಿಡಿದದ್ದಕ್ಕೆ ಹಣದಷ್ಟೇ ಈ ಅಂಶವೂ ಕಾರಣ. ಗೈಡ್ (ಸಂಶೋಧನಾ ಮಾರ್ಗದರ್ಶಕ) ವಿರುದ್ಧ ದೂರು ಕೊಟ್ಟರೆ ಆ ಗೈಡ್‌ನ ಸಹೋದ್ಯೋಗಿಗಳೇ ವಿಚಾರಣೆ ನಡೆಸುವ ಪದ್ಧತಿಯಲ್ಲಿ ಎಷ್ಟು ಹುಡುಗಿಯರು ಬಾಯಿ ಬಿಡುತ್ತಾರೆ? ನಮ್ಮ ಕಡೆಯ ಯಾವ ಸಂಶೋಧನಾ ವಿದ್ಯಾರ್ಥಿನಿಯನ್ನು ಕೇಳಿದರೂ ಉತ್ತರ ಸಿಗುತ್ತದೆ.

ಇನ್ನು ನಮ್ಮ ನೆಲಕ್ಕೆ ಬರೋಣ. ದಾವಣಗೆರೆ ವಿಶ್ವವಿದ್ಯಾಲಯ ಸ್ವತಂತ್ರವಾದದ್ದು 2009ರಲ್ಲಿ. ಅದಕ್ಕೆ ಮೊದಲು 1979ರಿಂದ ಸ್ನಾತಕೋತ್ತರ ಕೇಂದ್ರವಾಗಿತ್ತು. ದಾವಣಗೆರೆ ಮತ್ತು ಚಿತ್ರದುರ್ಗ ಎರಡೂ ಜಿಲ್ಲೆ ಅದರ ವ್ಯಾಪ್ತಿ, ಚಿತ್ರದುರ್ಗದ ಜಿ.ಆರ್. ಹಳ್ಳಿಯ ಜ್ಞಾನಗಂಗೋತ್ರಿ ಅದರ ಪಿ.ಜಿ. ಕೇಂದ್ರ. ಇಂಥ ರಾಜ್ಯ ವಿಶ್ವವಿದ್ಯಾಲಯದ ಯಾವುದೇ ವಿಭಾಗದಲ್ಲಿ ಇಬ್ಬರು ಸಂಶೋಧನಾರ್ಥಿಗಳನ್ನು ಕಲ್ಪಿಸಿಕೊಳ್ಳಿ. ಒಬ್ಬರಿಗೆ ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆಯ ಮೂಲಕ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಆಗಿದೆ. 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ ಎಸ್‌ಆರ್‌ಎಫ್ (ಹಿರಿಯ ಫೆಲೋಶಿಪ್) ಆದರೆ 42,000. ಇನ್ನೊಬ್ಬರಿಗೆ ಆಗಿಲ್ಲ. ನೆಟ್ ಇಲ್ಲದವರಿಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕೊಡುವ 8,000 ರೂಪಾಯಿ ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಮಾತ್ರ ಸೀಮಿತ. 2015ರಲ್ಲಿ ಅದನ್ನೂ ನಿಲ್ಲಿಸಲು ಹೊರಟಾಗ ದೆಹಲಿಯ ಯುಜಿಸಿ ಕಚೇರಿ ಮುಂದೆ ವಿದ್ಯಾರ್ಥಿಗಳು ತಿಂಗಳುಗಟ್ಟಲೆ ಕೂತದ್ದು ನೆನಪಿರಬಹುದು. ಹೀಗಾಗಿ ನಮ್ಮ ಎರಡನೆಯ ಸಂಶೋಧನಾರ್ಥಿ ಬೇರಾವುದಾದರೂ ವಿದ್ಯಾರ್ಥಿವೇತನಕ್ಕೆ ಅರ್ಹರಾಗಿದ್ದರೆ ಸರಿ. ಇಲ್ಲವಾದರೆ ಯಾವುದಾದರೂ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರಾಗಿ ಪಾಠ ಮಾಡಬೇಕು, ಅಥವಾ ಮನೆಯಿಂದ ತರಿಸಿಕೊಳ್ಳಬೇಕು. ಹೊಳಲ್ಕೆರೆಯ ಅಡಿಕೆ ತೋಟದ ಮನೆಯಾದರೆ ನಡೆಯುತ್ತದೆ. ಚಳ್ಳಕೆರೆ, ಜಗಳೂರಿನ ಮಳೆ ನಂಬಿದ ಶೇಂಗಾ ಹೊಲದ ಮನೆಯಾದರೆ?

ಆದರೆ ವಿಭಾಗದ ಕೆಲಸಕ್ಕೆ ಬಂದಾಗ ಇಬ್ಬರೂ ಒಂದೇ. ಇಂಟರ್ನಲ್ಸ್ ಇದ್ದರೆ ಇನ್ವಿಜಿಲೇಷನ್ನಿಗೆ ಇಬ್ಬರೂ ಬೇಕು. ಪ್ರಾಕ್ಟಿಕಲ್ಸ್‌ಗೆ, ಸೆಮಿನಾರಿನ ಓಡಾಟಕ್ಕೆ, ಗುಣಮಟ್ಟ ಅಳೆದು ಶ್ರೇಣಿ ಕೊಡುವ ನ್ಯಾಕ್ ತಂಡ ಬರುವ ಮುನ್ನ ಕಡತ ಜೋಡಿಸಲು ಇಬ್ಬರೂ ಬೇಕು. ಯುಜಿಸಿಯ 2022ರ ಪಿಎಚ್.ಡಿ. ನಿಯಮಾವಳಿಯಲ್ಲಿ ಇದಕ್ಕೊಂದು ಸಾಲು ಇದೆ: ಟ್ಯುಟೋರಿಯಲ್, ಪ್ರಯೋಗಾಲಯ ಮತ್ತು ಮೌಲ್ಯಮಾಪನಕ್ಕಾಗಿ ಸಂಶೋಧನಾರ್ಥಿಗೆ ವಾರಕ್ಕೆ 4ರಿಂದ 6 ಗಂಟೆ ಕೆಲಸ ವಹಿಸಬಹುದು. ನನ್ನ ದೃಷ್ಟಿಯಲ್ಲಿ ಈ ಸಾಲು ಬಹಳ ಮುಖ್ಯವಾದದ್ದು, ಏಕೆಂದರೆ ಇದು ಕೆಲಸವನ್ನು ಕೆಲಸ ಎಂದು ಒಪ್ಪಿಕೊಂಡು ಅದಕ್ಕೊಂದು ಮಿತಿ ಹಾಕಿದೆ. ಆ ಗಂಟೆಗಳ ಲೆಕ್ಕ ಬರೆಯುವವರು ಯಾರು, ಏಳನೆಯ ಗಂಟೆಗೆ ಇಲ್ಲ ಎನ್ನುವ ಧೈರ್ಯ ಯಾರಿಗಿದೆ ಎಂಬುದು ಮುಂದಿನ ಮಾತು. ಪ್ರಬಂಧಕ್ಕೆ ಸಹಿ ಹಾಕಬೇಕಾದ ಸರ್ ಅಥವಾ ಮೇಡಂ ಕೆಲಸ ಹೇಳಿದಾಗ ನಿಯಮಾವಳಿ ತೆಗೆದು ತೋರಿಸುವ ವಿದ್ಯಾರ್ಥಿ ಇಲ್ಲ.

ಫೆಲೋಶಿಪ್ ಇದ್ದವರ ಪಾಡೂ ನಿಶ್ಚಿಂತೆಯದಲ್ಲ. ಯುಜಿಸಿ ಹಣ ಕೆನರಾ ಬ್ಯಾಂಕಿನ ಪೋರ್ಟಲ್ ಮೂಲಕ ಬರುತ್ತದೆ. ಪ್ರತಿ ತಿಂಗಳೂ ವಿಶ್ವವಿದ್ಯಾಲಯದ ಕಡೆಯಿಂದ ಒಬ್ಬರು ಹಾಜರಾತಿ ದೃಢೀಕರಣ ನಮೂದಿಸಬೇಕು, ಇನ್ನೊಬ್ಬರು ಅದನ್ನು ಅನುಮೋದಿಸಬೇಕು. ಇವರಲ್ಲಿ ಒಬ್ಬರು ರಜೆ ಹಾಕಿದರೂ, ಗೈಡ್ ಸಹಿ ತಡವಾದರೂ, ದೆಹಲಿಯಲ್ಲಿ ಅನುದಾನ ನಿಂತರೂ ಸಂಶೋಧನಾರ್ಥಿಗೆ ಕಾಣುವುದು ಒಂದೇ: ಖಾತೆಗೆ ದುಡ್ಡು ಬಂದಿಲ್ಲ. ಪೇಯಿಂಗ್ ಗೆಸ್ಟ್ ಮನೆಯವರು, ಮೆಸ್‌ನವರು ಆ ಕಾರಣಗಳನ್ನು ಕೇಳುವುದಿಲ್ಲ. ಫೆಲೋಶಿಪ್ ಮೊತ್ತ ಹೆಚ್ಚಿಸಿ ಎಂದು ದೇಶದಾದ್ಯಂತ ಸಂಶೋಧನಾರ್ಥಿಗಳು ಬೀದಿಗಿಳಿದ ಮೇಲೆ 2019ರಲ್ಲಿ ಜೆಆರ್‌ಎಫ್ 25,000ದಿಂದ 31,000ಕ್ಕೆ ಏರಿತ್ತು. ಹೋರಾಟಕ್ಕೆ ಫಲ ಸಿಕ್ಕಿತು, ಸಂತೋಷವೇ. ತಡವಾದರೆ ಏನು ಪರಿಹಾರ ಎಂಬ ಸಾಲು ಮಾತ್ರ ಆಗಲೂ ಬರಲಿಲ್ಲ, 2023ರ ಏರಿಕೆಯಲ್ಲೂ ಬರಲಿಲ್ಲ.

ಮೊತ್ತವನ್ನು ಆದೇಶದ ಮೂಲಕ ಏರಿಸಬಹುದು. ಉಳಿದದ್ದೆಲ್ಲ ಆಗ ಆದೇಶ ಹೊರಡಿಸುವವರ ಕೈಯಲ್ಲೇ ಉಳಿಯುತ್ತದೆ. ಇದಕ್ಕೆ ನಮ್ಮ ರಾಜ್ಯದ ಅತಿಥಿ ಉಪನ್ಯಾಸಕರ ಅನುಭವಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ತಿಂಗಳಿಗೆ 11,000, 13,000ಕ್ಕೆ ಪಾಠ ಮಾಡುತ್ತಿದ್ದವರ ಗೌರವಧನವನ್ನು ಅವರ ಮುಷ್ಕರದ ನಂತರ 2022ರ ಜನವರಿಯಲ್ಲಿ 26,000ದಿಂದ 32,000ದವರೆಗೆ ಏರಿಸಲಾಯಿತು. ಅದೇ ಆದೇಶದಲ್ಲಿ ವಾರದ ಕಾರ್ಯಭಾರವನ್ನು 15 ಗಂಟೆಗೆ ಹೆಚ್ಚಿಸಲಾಯಿತು. ಇಬ್ಬರ ಪಾಠವನ್ನು ಒಬ್ಬರು ಮಾಡಿದಾಗ ಇನ್ನೊಬ್ಬರಿಗೆ ಜಾಗವೆಲ್ಲಿ? ಸಂಬಳ ಏರಿದ ಸಂತೋಷದ ದಿನವೇ ಎಷ್ಟೋ ಮಂದಿ ಹುದ್ದೆ ಕಳೆದುಕೊಳ್ಳುವ ಆತಂಕಕ್ಕೆ ಬಿದ್ದರು. ಮಾತುಕತೆಯ ಮೇಜಿನಲ್ಲಿ ಅವರ ಸಂಘ ಕೂತು ಸಹಿ ಹಾಕುವ ಪದ್ಧತಿ ಇದ್ದಿದ್ದರೆ ಎರಡೂ ಅಂಶ ಒಟ್ಟಿಗೆ ಚರ್ಚೆಗೆ ಬರುತ್ತಿತ್ತು. 2023ರ ಕೊನೆಗೆ ಅವರು ಮತ್ತೆ ಸೇವಾ ಭದ್ರತೆ ಕೇಳಿ ತರಗತಿ ಬಿಟ್ಟು ಬೀದಿಗೆ ಬರಬೇಕಾಯಿತು. ಈ ಉಪನ್ಯಾಸಕರಲ್ಲಿ ಅನೇಕರು ಪಿಎಚ್.ಡಿ. ಮಾಡುತ್ತಿರುವವರು, ಮುಗಿಸಿದವರು. ಶಿವಗಂಗೋತ್ರಿಯ ಸಂಶೋಧನಾರ್ಥಿ ತನ್ನ ಮುಂದಿನ ಹತ್ತು ವರ್ಷವನ್ನು ನೋಡಬೇಕಾದರೆ ಅವರ ಕಡೆ ನೋಡಿದರೆ ಸಾಕು.

ಹಾಗಾದರೆ ಇಲ್ಲಿ ಯೂನಿಯನ್ ಮಾಡಿ ಒಪ್ಪಂದ ಕೇಳಲು ಕಾನೂನು ಏನು ಹೇಳುತ್ತದೆ? ವಿಚಿತ್ರವೆಂದರೆ ಇದರ ದೊಡ್ಡ ತೀರ್ಪು ನಮ್ಮ ರಾಜ್ಯದ ಪ್ರಕರಣದಲ್ಲೇ ಬಂದದ್ದು. 1978ರಲ್ಲಿ ಬೆಂಗಳೂರು ಜಲಮಂಡಳಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಉದ್ಯಮ ಎಂಬುದರ ಅರ್ಥವನ್ನು ಹಿಗ್ಗಿಸಿತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದ ಆ ತೀರ್ಪಿನ ಪ್ರಕಾರ ವಿಶ್ವವಿದ್ಯಾಲಯವೂ ಕೈಗಾರಿಕಾ ವಿವಾದ ಕಾಯ್ದೆಯ ಮಟ್ಟಿಗೆ ಉದ್ಯಮವೇ. ಹತ್ತು ವರ್ಷದ ನಂತರ, 1988ರಲ್ಲಿ, ಗೋವಾದ ಶಿಕ್ಷಕಿಯೊಬ್ಬರ ಪ್ರಕರಣದಲ್ಲಿ ಅದೇ ನ್ಯಾಯಾಲಯ ಶಿಕ್ಷಕರು ಆ ಕಾಯ್ದೆಯ ಪ್ರಕಾರ ಕಾರ್ಮಿಕರಲ್ಲ ಎಂದಿತು. ದೈಹಿಕ, ಕುಶಲ, ತಾಂತ್ರಿಕ, ಗುಮಾಸ್ತಗಿರಿ ಎಂದೆಲ್ಲ ಕಾಯ್ದೆ ಪಟ್ಟಿ ಮಾಡಿದ ಕೆಲಸಗಳಲ್ಲಿ ಪಾಠ ಹೇಳುವುದು ಸೇರುವುದಿಲ್ಲ ಎಂಬುದು ಕಾರಣ. ಎರಡನ್ನೂ ಕೂಡಿಸಿ ನೋಡಿ: ವಿಶ್ವವಿದ್ಯಾಲಯ ಉದ್ಯಮ, ಅದರ ಗುಮಾಸ್ತರು ಮತ್ತು ಲ್ಯಾಬ್ ಅಟೆಂಡರ್ ಕಾರ್ಮಿಕರು, ಅದೇ ಲ್ಯಾಬಿನಲ್ಲಿ ಪಾಠ ಮಾಡುವವರು ಅಲ್ಲ. ಸಂಶೋಧನಾರ್ಥಿಯಂತೂ ಪಾಠ ಮಾಡುವಾಗಲೂ ದಾಖಲೆಯಲ್ಲಿ ವಿದ್ಯಾರ್ಥಿ.

ಆ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಈ ಪಟ್ಟಿಯನ್ನು ಹೆಚ್ಚು ಬದಲಿಸಿಲ್ಲ. ಆದರೆ ಒಂದು ಹೊಸ ಅಂಶ ತಂದಿದೆ: ಒಂದು ಸಂಸ್ಥೆಯ ಶೇ 51ರಷ್ಟು ಕಾರ್ಮಿಕರು ಒಂದೇ ಸಂಘದಲ್ಲಿದ್ದರೆ ಆಡಳಿತ ಅದನ್ನು ಮಾತುಕತೆಯ ಏಕೈಕ ಸಂಘವೆಂದು ಮಾನ್ಯ ಮಾಡಬೇಕು. ಅಮೆರಿಕದ ಕ್ಯಾಂಪಸ್ಸುಗಳಲ್ಲಿ ಬಹುಮತ ತೋರಿಸಿ ಮಾನ್ಯತೆ ಪಡೆಯುವ ಪದ್ಧತಿಗೆ ಇದು ಹತ್ತಿರವಾದದ್ದು. ನಮ್ಮ ಓದು-ದುಡಿಮೆಯವರು ಮಾತ್ರ ಕಾರ್ಮಿಕ ಎಂಬ ವ್ಯಾಖ್ಯೆಯ ಆಚೆ ನಿಂತಿದ್ದಾರೆ. ಜೊತೆಗೆ ದತ್ತಿ ಮತ್ತು ಸಮಾಜಸೇವೆಯ ಸಂಸ್ಥೆಗಳನ್ನು ಉದ್ಯಮದ ವ್ಯಾಖ್ಯೆಯಿಂದ ಹೊಸ ಸಂಹಿತೆ ಹೊರಗಿಟ್ಟಿರುವುದರಿಂದ, ಟ್ರಸ್ಟ್‌ಗಳು ನಡೆಸುವ ಕಾಲೇಜುಗಳು ಆ ಬಾಗಿಲಿನಿಂದ ಜಾರಿಕೊಳ್ಳಲು ನೋಡಬಹುದು.

ವೈದ್ಯ ಪಿ.ಜಿ.ಗಳ ಸ್ಥಿತಿ ಸ್ವಲ್ಪ ಮೇಲು, ಕಾಗದದ ಮೇಲಾದರೂ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮಾವಳಿಯಲ್ಲಿ ಖಾಸಗಿ ಕಾಲೇಜೂ ರಾಜ್ಯ ಸರ್ಕಾರಿ ಕಾಲೇಜಿನ ಸಮಕ್ಕೆ ಸ್ಟೈಪೆಂಡ್ ಕೊಡಬೇಕು ಎಂದಿದೆ. ವರ್ಷಕ್ಕೆ ಕನಿಷ್ಠ 20 ದಿನ ಸಾಂದರ್ಭಿಕ ರಜೆ, ವಾರಕ್ಕೊಂದು ರಜೆ ಇದೆ. ಕೆಲಸದ ಅವಧಿಗೆ ಬಂದಾಗ ಮಾತ್ರ ‘ಸಮಂಜಸ’ ಎಂಬ ಒಂದು ಪದ ಇಟ್ಟು ಬಿಟ್ಟಿದ್ದಾರೆ. ವಾರದ ರಜೆಗೂ ಕೆಲಸದ ಅನಿವಾರ್ಯತೆಗೆ ಒಳಪಟ್ಟು ಎಂಬ ಷರತ್ತು ಅಂಟಿದೆ. ಮೂವತ್ತಾರು ಗಂಟೆ ನಿದ್ದೆಗೆಟ್ಟ ಪಿ.ಜಿ.ಗೆ ಯಾವುದು ಸಮಂಜಸ ಎಂದು ನಿರ್ಧರಿಸುವವರು ಅವರ ವಿಭಾಗದ ಮುಖ್ಯಸ್ಥರೇ.

ಗುರು-ಶಿಷ್ಯ ಸಂಬಂಧದ ನಡುವೆ ಯೂನಿಯನ್ ತಂದರೆ ಅದು ಕೆಡುತ್ತದೆ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಒಳ್ಳೆಯ ಗೈಡ್ ಕೈಯಲ್ಲಿ ಪಳಗಿದವರಿಗೆ ಆ ಋಣದ ಭಾರ ಗೊತ್ತು. ಬ್ರೌನ್ ಪ್ರಕರಣದಲ್ಲಿ ಅಮೆರಿಕದ ಮಂಡಳಿಯೂ ಹೆಚ್ಚು ಕಡಿಮೆ ಇದೇ ಕಾರಣ ಕೊಟ್ಟಿತ್ತು. ಆದರೆ ಯೂನಿಯನ್ ಇರುವ ಮತ್ತು ಇಲ್ಲದ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳನ್ನು ಹೋಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಯೂನಿಯನ್‌ನಿಂದ ಮಾರ್ಗದರ್ಶಕರ ಜೊತೆಗಿನ ಸಂಬಂಧ ಹದಗೆಟ್ಟ ಕುರುಹು ಸಿಗಲಿಲ್ಲ. ಅದು ಸಹಜವೇ. ಸಂಬಳ, ರಜೆ, ಗಂಟೆಗಳ ಮಾತು ಆಡಳಿತ ಮತ್ತು ಸಂಘದ ನಡುವೆ ಹೋದರೆ ಗೈಡ್ ಮತ್ತು ವಿದ್ಯಾರ್ಥಿ ನಡುವೆ ಉಳಿಯುವುದು ಸಂಶೋಧನೆ. ಒಳ್ಳೆಯ ಗುರುವಿಗೆ ಒಪ್ಪಂದದಿಂದ ನಷ್ಟವಿಲ್ಲ.

ಒಪ್ಪಂದ ಎಂಬುದು ಈ ಊರಿಗೆ ಪರಕೀಯವೂ ಅಲ್ಲ. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯಲ್ಲಿ ಹತ್ತಿ ಮಿಲ್ಲಿನ ಕಾರ್ಮಿಕರು ಸಂಘ ಕಟ್ಟಿ ಬೋನಸ್, ತುಟ್ಟಿಭತ್ಯೆಗಳಿಗೆ ಹೋರಾಡಿದವರು. ಅವರ ನಾಯಕರಾಗಿದ್ದ ಸಿಪಿಐನ ಪಂಪಾಪತಿ ಮೂರು ಬಾರಿ ಶಾಸಕರಾದರು. ಆ ಕಾಲದ ಮಿಲ್ಲುಗಳಲ್ಲಿ ‘ಬದಲಿ’ ಎಂಬ ವರ್ಗವಿತ್ತು. ಖಾಯಂ ಕಾರ್ಮಿಕ ಬರದ ದಿನ ಅವನ ಜಾಗಕ್ಕೆ ನಿಲ್ಲುವವನು ಬದಲಿ. ಹೆಸರಿಗೆ ತಾತ್ಕಾಲಿಕ, ಕೆಲಸ ವರ್ಷವಿಡೀ. ಕೈಗಾರಿಕಾ ವಿವಾದ ಕಾಯ್ದೆ ಲೇ-ಆಫ್ (ಕೆಲಸ ಕೊಡಲಾಗದೆ ತಾತ್ಕಾಲಿಕವಾಗಿ ಕೂರಿಸುವುದು) ಪರಿಹಾರದ ವಿಷಯದಲ್ಲಿ ಇದಕ್ಕೊಂದು ದಾರಿ ಕಂಡುಕೊಂಡಿತ್ತು: ಒಂದು ವರ್ಷ ನಿರಂತರ ದುಡಿದವನನ್ನು ಬದಲಿ ಎಂದು ಕಾಣುವಂತಿಲ್ಲ. ರಿಜಿಸ್ಟರಿನಲ್ಲಿ ಬರೆದ ಹೆಸರಿಗಿಂತ ಮಾಡಿದ ಕೆಲಸ ನೋಡಿ ಎಂದು ಕಾನೂನು ಒಮ್ಮೆ ಹೇಳಿದ್ದರೆ, ಇನ್ನೊಮ್ಮೆ ಹೇಳಲೂ ಸಾಧ್ಯ. ಮಿಲ್ಲುಗಳು ಮುಚ್ಚಿದ ಮೇಲೆ ಈ ಊರು ಬಹುಪಾಲು ವಿದ್ಯಾಸಂಸ್ಥೆ ಮತ್ತು ಆಸ್ಪತ್ರೆಗಳ ಮೇಲೆ ನಡೆಯುತ್ತಿದೆ. ಅವುಗಳೊಳಗೆ ದುಡಿಯುವ ಯುವಜನರನ್ನು ಕಾನೂನು ಇನ್ನೂ ಹಳೆಯ ಪಟ್ಟಿಯಿಂದಲೇ ಅಳೆಯುತ್ತಿದೆ.

ವ್ಯಾಖ್ಯೆ ಬದಲಾಗುವವರೆಗೆ ಕಾಯಬೇಕಿಲ್ಲ. ವಾರಕ್ಕೆ 4ರಿಂದ 6 ಗಂಟೆ ಎಂಬ ಮಿತಿಯನ್ನು ಪ್ರತಿ ವಿಭಾಗ ತಿಂಗಳ ಪಟ್ಟಿಯಾಗಿ ಬರೆದು ಪ್ರಕಟಿಸಲಿ ಎಂದು ಸಂಶೋಧನಾರ್ಥಿಗಳು ಒಟ್ಟಾಗಿ ಈಗಲೇ ಕೇಳಬಹುದು. ಕೆನರಾ ಪೋರ್ಟಲ್ ದೃಢೀಕರಣಕ್ಕೆ ತಿಂಗಳ ಒಂದು ನಿಶ್ಚಿತ ತಾರೀಖು ಗೊತ್ತುಪಡಿಸಿ, ಜವಾಬ್ದಾರರ ಹೆಸರು ಹಾಕಿ ಎನ್ನಬಹುದು. ಯುಜಿಸಿಯ 2023ರ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ನಿಯಮಾವಳಿಯಲ್ಲಿ ವಿದ್ಯಾರ್ಥಿವೇತನದ ವಿಳಂಬವೂ ದೂರಿನ ವಿಷಯ. ಸಮಿತಿ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ತೃಪ್ತಿಯಾಗದಿದ್ದರೆ ಮೇಲ್ಮನವಿ ಕೇಳುವ ಓಂಬುಡ್ಸ್‌ಪರ್ಸನ್ ಬಳಿ ಹೋಗಬಹುದು. ಒಬ್ಬೊಬ್ಬರೇ ದೂರು ಕೊಟ್ಟರೆ ಗೈಡ್ ಕಣ್ಣಿಗೆ ಬೀಳುತ್ತಾರೆ. ಎಲ್ಲ ವಿಭಾಗಗಳ ನಲವತ್ತು, ಐವತ್ತು ಮಂದಿ ಒಂದೇ ಕಾಗದಕ್ಕೆ ಸಹಿ ಹಾಕಿದರೆ ಯಾರ ಮೇಲೂ ಕಣ್ಣು ಬೀಳುವುದಿಲ್ಲ. ಮ್ಯಾಡಿಸನ್‌ನವರು ಶುರು ಮಾಡಿದ್ದೂ ಹಾಗೆ ಒಟ್ಟಾಗಿ ಕೇಳುವುದರಿಂದಲೇ.

ಆ ಸಮಿತಿಯಲ್ಲಿ ವಿದ್ಯಾರ್ಥಿಗಳ ಪರ ಒಬ್ಬರು ವಿಶೇಷ ಆಹ್ವಾನಿತರಾಗಿ ಇರುತ್ತಾರೆ. ಅವರನ್ನು ಓದು, ಕ್ರೀಡೆ ಅಥವಾ ಪಠ್ಯೇತರ ಸಾಧನೆ ನೋಡಿ ನಾಮನಿರ್ದೇಶನ ಮಾಡಬೇಕು ಎಂದು ನಿಯಮ ಹೇಳುತ್ತದೆ, ವಿದ್ಯಾರ್ಥಿಗಳು ಆರಿಸಬೇಕು ಎನ್ನುವುದಿಲ್ಲ. ಹಾಗಂತ ಅರ್ಹರ ಪೈಕಿ ಸಂಶೋಧನಾರ್ಥಿಗಳು ಮತ ಹಾಕಿ ಸೂಚಿಸಿದವರನ್ನೇ ನಾಮನಿರ್ದೇಶನ ಮಾಡಲು ಅಡ್ಡಿಯೂ ಇಲ್ಲ. ಶಿವಗಂಗೋತ್ರಿ ಮತ್ತು ಜ್ಞಾನಗಂಗೋತ್ರಿಯ ಸಂಶೋಧನಾರ್ಥಿಗಳು ಸೇರಿ ಕುಲಪತಿಗಳಿಗೆ ಕೊಡುವ ಮೊದಲ ಪತ್ರದಲ್ಲಿ ಆ ಹೆಸರು ಇರಬೇಕು.